ಉಂಡ ಮೇಲೆ ಹೇಳುವ ಮಾತು

ಫಾಲೇಸಿಯ ಮಂಚದ ಕೆಳಗೆ ಎರಡು ಸ್ಪ್ಯಾನರುಗಳಿವೆ, ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟವು. ಒಂಬತ್ತು ವರ್ಷದ ಹಿಂದೆ ಮಿಷನ್ನಿನವರು ನಮ್ಮ ಊರು ಕಲುಂಬಿಯಲ್ಲಿ ಬೋರ್‌ವೆಲ್ ಕೊರೆಸಿ ಕೈಪಂಪು ನಿಲ್ಲಿಸಿದಾಗ, ಅದನ್ನು ಬಿಚ್ಚಿ ಜೋಡಿಸಲು ಕಲಿತ ಹೆಂಗಸು ಅವಳೊಬ್ಬಳೇ. ಗಂಡ ತೀರಿಕೊಂಡ ವರ್ಷ ಅದು. ಅಂದಿನಿಂದ ಪಂಪು ಅವಳ ಮನೆಯ ಇನ್ನೊಂದು ಜೀವದಂತಾಯಿತು. ಕೀಲಿಗೆ ಗ್ರೀಸು ಹಚ್ಚುತ್ತಾಳೆ, ಹಿಡಿಗೆ ಜೋತುಬೀಳುವ ಮಕ್ಕಳನ್ನು ಗದರಿಸುತ್ತಾಳೆ.

ಏಳು ತಿಂಗಳ ಹಿಂದೆ ಪಂಪಿನ ಒಳಗಿನ ಸರಳು ತುಂಡಾಯಿತು. ಸ್ಪ್ಯಾನರಿಗೆ ಬಗ್ಗುವ ಕೆಲಸವಲ್ಲ ಅದು. ಹೊಸ ಸರಳು ರಾಜಧಾನಿ ಲಿಲಾಂಗ್ವೆಯಲ್ಲಿರುವ ಮಿಷನ್ನಿನ ಉಗ್ರಾಣದಿಂದಲೇ ಬರಬೇಕು. ಎರಡು ಸಲ ಪತ್ರ ಹೋಯಿತು, ಉತ್ತರ ಬರಲಿಲ್ಲ. ಆಗಿನಿಂದ ಹೊಳೆಯೇ ಗತಿ. ಫಾಲೇಸಿಗೆ ಅರವತ್ತೆರಡು. ದಿಣ್ಣೆ ಹತ್ತುವಾಗ ಅವಳ ಬಲ ಮೊಣಕಾಲು ಕಟಕಟ ಎನ್ನುತ್ತದೆ. ತಲೆಯ ಮೇಲಿನ ಬಕೆಟ್ಟು ಮಾತ್ರ ತುಳುಕುವುದಿಲ್ಲ.

ಮಿಷನ್ನಿನ ತಂಡ ಗುರುವಾರ ಬರುತ್ತದೆಂದು ತಿಳಿದಾಗ ಅವಳು ಕಾವಿಗೆ ಕೂತಿದ್ದ ಕೋಳಿಯನ್ನೇ ಹಿಡಿದಳು.

"ಅಯ್ಯೋ ಅಕ್ಕಾ, ಮೊಟ್ಟೆ?" ಎಂದಳು ಪಕ್ಕದ ಮನೆಯ ಎನೆಲೇಸಿ.

"ನೀನೇ ಕೂತು ಕಾವು ಕೊಡು. ಹೆಂಗೂ ಇಡೀ ದಿನ ಕೂತೇ ಇರ್ತೀಯಲ್ಲ." ಆಮೇಲೆ ಮೆಲ್ಲಗೆ, "ಅವರು ಉಣ್ಲಿ. ಉಂಡ ಮೇಲೆ ಹೇಳ್ತೀನಿ."

ನಮ್ಮೂರಲ್ಲಿ ಹಸಿದ ಅತಿಥಿಗೆ ಕಷ್ಟ ಹೇಳುವುದಿಲ್ಲ. ಸಾವಿನ ಸುದ್ದಿಯಾದರೂ ಸರಿ, ಕೈ ತೊಳೆಸಿ, ನ್ಸಿಮಾ ಮುದ್ದೆ ಬಡಿಸಿ, ತಟ್ಟೆ ತೆಗೆದ ಮೇಲೆಯೇ. ಕೈತೊಳೆಯುವ ನೀರು ಕಡಿಮೆ ಬಿದ್ದರಂತೂ ಊರಿಗೇ ಅವಮಾನ. ಗುರುವಾರ ಬೆಳಗ್ಗೆ ಹದಿಮೂರು ಹೆಂಗಸರು ಎರಡೆರಡು ಸಲ ಹೊಳೆಗೆ ಹೋಗಿ ಬಂದೆವು. ಬಕೆಟ್ಟು ಇಡಲು ಧೂಳಿಲ್ಲದ ಸಿಮೆಂಟಿನ ನೆಲವಿದ್ದದ್ದು ಪಂಪಿನ ಬುಡದಲ್ಲಿ ಮಾತ್ರ. ಅಲ್ಲೇ ಸಾಲಾಗಿ ಇಟ್ಟೆವು.

ಜೀಪು ಬಂತು. ಹಾಡಿದೆವು, ಕುಣಿದೆವು. ತಂಡದ ಹಿರಿಯರು, ಬಿಳಿಗಡ್ಡದ ಹ್ಯಾರಲ್ಡರು, ಇಳಿದವರೇ ತುಂಬಿದ ಬಕೆಟ್ಟುಗಳನ್ನು ಕಂಡು ಕಣ್ಣು ತುಂಬಿಕೊಂಡರು. ಪಂಪಿನ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಫೋಟೋ ತೆಗೆದರು.

"ಇಷ್ಟೊಂದು ನೀರು, ದೇವರಿಗೆ ಸ್ತೋತ್ರ ಅಂತಿದಾರೆ," ಎಂದು ನಮ್ಮ ಪಾಸ್ಟರು ನೆಲ ನೋಡುತ್ತ ತಿಳಿಸಿದರು.

ಫಾಲೇಸಿ ಊಟ ತಂದಿಟ್ಟಳು. ಹ್ಯಾರಲ್ಡರು ಎದೆಯ ಮೇಲೆ ಕೈಯಿಟ್ಟು, ಬೇಡವೆಂದು ನಕ್ಕರು. ಅವರ ಬಳಿ ಬ್ರೆಡ್ಡಿತ್ತು, ಬಾಟಲಿ ನೀರಿತ್ತು, ಇನ್ನೂ ಮೂರು ಊರು ನೋಡುವುದಿತ್ತು.

ಕೋಳಿ ಆರುತ್ತಿತ್ತು.

ಕೊನೆಗೆ ಅದರ ಮುಂದೆ ಕೂತವನು ಅವರ ಡ್ರೈವರ್ ಲಫಾಯೇಲು. ನಮ್ಮ ಸೀಮೆಯವನೇ. ಮೂಳೆಯನ್ನೂ ಬಿಡದೆ ಉಂಡ.

"ಅಮ್ಮಾ, ಈ ಕೋಳಿ ನನಗಿಂತ ಹಿರಿಯಳೇನು? ಹಲ್ಲು ಅಲ್ಲಾಡ್ತಿದೆ."

"ನೀನು ಬರುವಾಗ್ಲೇ ನಿನ್ನ ಹಲ್ಲು ಅಲ್ಲಾಡ್ತಿತ್ತು. ಉಂಡಾಯ್ತಾ?"

"ಉಂಡಾಯ್ತು."

"ಹಂಗಾದ್ರೆ ಕೇಳು."

ಹೇಳಿದಳು. ಸರಳು, ಪತ್ರ, ಹೊಳೆ. ಲಫಾಯೇಲು ಬೆರಳು ನೆಕ್ಕುವುದನ್ನು ನಿಲ್ಲಿಸಿ ಬಕೆಟ್ಟುಗಳತ್ತ ನೋಡಿದ.

"ನಾನು ಡ್ರೈವರಮ್ಮಾ. ನಾನು ಬಾಯಿ ಬಿಟ್ರೆ, ನೀನು ಗಾಡಿ ನೋಡ್ಕೋ ಅಂತಾರೆ."

"ನೀನು ಉಂಡಿದೀಯ," ಎಂದಳು ಫಾಲೇಸಿ. ಅಷ್ಟೇ.

ಅವನು ಎದ್ದು ಹೋಗಿ ಜೀಪಿನ ಬಾನೆಟ್ಟು ಎತ್ತಿದ, ಸ್ವಲ್ಪ ಹೊತ್ತು ಒಳಗೆ ಇಣುಕಿದ. ಆಮೇಲೆ ಖಾಲಿ ಡಬ್ಬವೊಂದನ್ನು ಹ್ಯಾರಲ್ಡರ ಕೈಗಿತ್ತು ಅವರ ಭಾಷೆಯಲ್ಲಿ ಏನೋ ಅಂದ. ಇಂಜಿನ್ನಿಗೆ ನೀರು ಬೇಕು, ಬಕೆಟ್ಟಿನದು ಕೈ ತೊಳೆಯಲಿಕ್ಕೆ ಇಟ್ಟದ್ದು, ತಾವೇ ಒಂದಿಷ್ಟು ಪಂಪು ಹೊಡೆಯಬಹುದೇ ಎಂದನಂತೆ. ಹ್ಯಾರಲ್ಡರು ಖುಷಿಯಿಂದ ಅಂಗಿಯ ತೋಳು ಮಡಚಿದರು.

ಹತ್ತು ಸಲ ಒತ್ತಿದರು. ಇಪ್ಪತ್ತು. ಹಿಡಿ ಹಗುರಾಗಿ ಮೇಲೆ ಹೋಯಿತು, ಕೆಳಗೆ ಬಂತು. ಒಂದು ಹನಿಯೂ ಬೀಳಲಿಲ್ಲ. ಅವರು ಪಾಸ್ಟರನ್ನು ನೋಡಿದರು, ಪಾಸ್ಟರು ಫಾಲೇಸಿಯನ್ನು.

"ಎಷ್ಟು ದಿನದಿಂದ ಅಂತ ಕೇಳ್ತಿದಾರಮ್ಮ."

"ಮೊದ್ಲು ಕೂತ್ಕೊಳ್ಳೋಕೆ ಹೇಳಿ."

ಪಾತ್ರೆಯ ತಳದಲ್ಲಿ ಸಾರು, ಅರ್ಧ ಮುದ್ದೆ ಉಳಿದಿತ್ತು. ಹ್ಯಾರಲ್ಡರು ಗಡಿಯಾರ ನೋಡಿಕೊಂಡರು, ಪಂಪಿನ ಒಣಬಾಯಿ ನೋಡಿದರು, ಚಾಪೆಯ ಮೇಲೆ ಕೂತರು. ಅತಿಥಿಗೆ ನೀರು ಹಾಕುವವರು ನಿಂತು ಹಾಕುವಂತಿಲ್ಲ. ಫಾಲೇಸಿ ಮಂಡಿಯೂರಿದಳು. ಮೊಣಕಾಲು ಕಟ್ ಎಂದದ್ದು ಅವರಿಗೂ ಕೇಳಿಸಿತು. ಅವರ ಕೈಮೇಲೆ ಹೊಳೆಯ ನೀರನ್ನು ಧಾರಾಳವಾಗಿ ಸುರಿದಳು.

ತಟ್ಟೆ ಬರಿದಾಗುವವರೆಗೆ ಎದುರಿಗೇ ಕೂತು ಕಾದಳು. ತಟ್ಟೆ ತೆಗೆದು ಪಕ್ಕಕ್ಕಿಟ್ಟಳು.

"ಏಳು ತಿಂಗಳು," ಎಂದಳು.