ಅತ್ತಿಗೆ ಕಟ್ಟಿದ ಎಂಜಿನ್

ಆ ಎಂಜಿನ್ ಕಟ್ಟಿದವನು ನಾನು ಎಂದು ಜನ ಇವತ್ತಿಗೂ ಹೇಳುತ್ತಾರೆ. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ನಾನು ವೆಲ್ಡಿಂಗ್ ಮಾಡುವವನು. ಕಬ್ಬಿಣ ಮುರಿದರೆ ಅಂಟಿಸುತ್ತೇನೆ, ಅಷ್ಟೇ. ಎಂಜಿನ್ನಿನ ಹೊಟ್ಟೆಯೊಳಗೆ ಏನಿದೆ ಎಂದು ಕೂತು ನೋಡುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ಕಟ್ಟಿದ್ದು ನನ್ನ ಅತ್ತಿಗೆ. ಹಾಗೆಂದರೆ ಎದುರಿಗಿದ್ದವನು ನಕ್ಕು, ‘ಅದೆಲ್ಲ ಇರ್ಲಿ, ಬೋಲ್ಟ್ ಬಿಗಿ ಮಾಡಿದ್ದು ನೀನೇ ತಾನೇ?’ ಎನ್ನುತ್ತಾನೆ. ಅಲ್ಲ ಸ್ವಾಮಿ. ಅದೂ ಅವರೇ.

ಅತ್ತಿಗೆ ಒಬ್ಬ ಟೈಲರನ ತಂಗಿ. ಮದುವೆಯಾಗುವವರೆಗೂ ತಮ್ಮ ಅಣ್ಣನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಮೆಕ್ಯಾನಿಕ್ಕಾಗಿದ್ದ ನನ್ನ ಅಣ್ಣನನ್ನು ಮದುವೆಯಾದ ಮೇಲೆ ಅವರ ಕೈ ಸಾಮಾನು ತೊಳೆಯುವ ಸೀಮೆಎಣ್ಣೆಯ ಡಬ್ಬಿಗೆ ಬಿತ್ತು. ಅಣ್ಣ ಗಾಡಿಯ ಕೆಳಗಿನಿಂದ ಕೈ ಚಾಚುವಷ್ಟರಲ್ಲಿ ಬೇಕಾದ ಸ್ಪ್ಯಾನರ್ ಕೈಯಲ್ಲಿರುತ್ತಿತ್ತು. ಅವರಿಗೆ ಬರುವುದು ಇಷ್ಟೇ ಎಂದು ನಾವೆಲ್ಲ ತಿಳಿದಿದ್ದೆವು.

ಒಂದು ಮಧ್ಯಾಹ್ನ ಅಣ್ಣ ಕಂಪ್ರೆಸರ್ ಪಕ್ಕದಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅವನ ರಿಪೇರಿ ಶೆಡ್ಡಿನ ಬಾಗಿಲು ಮುಚ್ಚಿತು. ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಷಟರ್ ಎತ್ತಿದ ಸದ್ದು ಕೇಳಿಸಿತು. ಕಳ್ಳ ಎಂದುಕೊಂಡು ಸರಳು ಹಿಡಿದು ಓಡಿದೆ. ಒಳಗೆ ಅತ್ತಿಗೆ ಅಣ್ಣನ ಖಾಕಿ ಅಂಗಿಯನ್ನು ಮೇಲೆ ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಸುತ್ತಲೂ ಗೋಣಿಚೀಲದ ಮೇಲೆ ಎಟಿವಿಯ ಎಂಜಿನ್ ಕಳಚಿ ಹರವಿದೆ. ನಾನು ಸರಳು ಹಿಡಿದುಕೊಂಡೇ ನಿಂತೆ.

ಎಟಿವಿ ಎಂಬ ಆ ನಾಲ್ಕು ಚಕ್ರದ ಬೈಕೇ ಮನೆಯ ಅನ್ನ. ಕಲ್ಲುಗಣಿಯ ಮೇಲಿನ ಹಂತಕ್ಕೆ ಬೇರೆ ಗಾಡಿ ಹತ್ತುತ್ತಿರಲಿಲ್ಲ. ಅಲ್ಲಿನ ಆಳುಗಳಿಗೆ ಕುಡಿಯುವ ನೀರಿನ ಕ್ಯಾನು ಸಾಗಿಸುತ್ತಿದ್ದುದು ಅದೊಂದೇ. ಈಗ ಪಿಸ್ಟನ್ ಕಚ್ಚಿಕೊಂಡು ಸಿಲಿಂಡರ್ ಒಳಗೆಲ್ಲ ಕೆರೆದುಹೋಗಿತ್ತು. ಕಂಪನಿಯವರು ಆ ಸಾಮಾನು ಮಾಡುವುದನ್ನೇ ಬಿಟ್ಟಿದ್ದರು. ಗುಜರಿಗೆ ಹಾಕಿ ಅತ್ತಿಗೆ ಎಂದು ಕೂಗಾಡಿದೆ. ನಾನು ಕೂಗಿದರೆ ಅವರು ರಸ್ತೆಯಲ್ಲಿ ಲಾರಿ ಹೋಗಲಿ ಎಂದು ಕಾಯುವವರ ಹಾಗೆ ಸುಮ್ಮನೆ ಕಾಯುತ್ತಾರೆ. ಹೋದ ಮೇಲೆ ದಾಟುತ್ತಾರೆ.

ದಾಟಿದರು. ಕೆಳಗಿನ ಕೇಸು, ಗೇರು ಹಳೆಯ ಗಾಡಿಯವೇ. ಸಿಲಿಂಡರೂ ಪಿಸ್ಟನ್ನೂ ಬೇರೊಂದು ಕಂಪನಿಯ, ಅಪಘಾತವಾಗಿ ಬಿದ್ದಿದ್ದ ಬೈಕಿನವು. ಕಾರ್ಬುರೇಟರ್ ಮೂರನೆಯ ಕಂಪನಿಯದು. ಕಿಡಿ ಕೊಡುವ ಮ್ಯಾಗ್ನೆಟ್ ಯಾರೋ ಬಿಸಾಡಿದ್ದ ನೀರಿನ ಪಂಪಿನದು.

‘ನಾಲ್ಕು ಮನೆ ಸೊಸೇರನ್ನ ಒಂದೇ ಅಡುಗೆಮನೆಗೆ ಬಿಟ್ಟ ಹಾಗಾಯ್ತು ಅತ್ತಿಗೆ’ ಅಂದೆ.

‘ನಾನೂ ಬೇರೆ ಮನೆಯಿಂದಾನೇ ಬಂದಿದ್ದು. ಹೊಂದ್ಕೊಂಡಿಲ್ವಾ?’ ಅಂದರು.

ಹೊಂದಿಸಿದ ರೀತಿ ಹೀಗೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಹಬೆ ಕೆಳಗಿನ ಕೇಸಿನಿಂದ ಕಿಂಡಿಗಳ ಮೂಲಕ ಸಿಲಿಂಡರಿಗೆ ಏರಬೇಕು. ಒಂದು ಕಂಪನಿಯ ಕಿಂಡಿಗೂ ಇನ್ನೊಂದರದ್ದಕ್ಕೂ ತಾಳಮೇಳವಿಲ್ಲ. ಅತ್ತಿಗೆ ಟೈಲರ್ ಅಂಗಡಿಯ ದಪ್ಪ ಕಾಗದ ತಂದು ಕೇಸಿನ ಬಾಯಿಗೆ ಒತ್ತಿ, ಸೀಮೆಸುಣ್ಣ ಉಜ್ಜಿ ಅಚ್ಚು ತೆಗೆದರು. ಸಿಲಿಂಡರಿಗೂ ಹಾಗೆಯೇ. ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಿ ಕೊರೆಯಬೇಕು, ಎಲ್ಲಿ ಅಂಚು ಬಿಡಬೇಕು ಎಂದು ಗೆರೆ ಹಾಕಿದರು. ನಡುವೆ ಕೂರಿಸುವ ಅಲ್ಯೂಮಿನಿಯಂ ಪ್ಲೇಟಿಗೆ ಆ ಕಾಗದವೇ ಅಳತೆ. ಲೇತ್ ಅಂಗಡಿಯ ಮುದುಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಯಾರ ತೋಳಿನ ಅಳತೆನಮ್ಮಾ ಇದು?’ ಎಂದ. ಆದರೂ ಕೂದಲಷ್ಟೂ ವ್ಯತ್ಯಾಸ ಬಾರದ ಹಾಗೆ ಕಡೆದುಕೊಟ್ಟ.

ಅಷ್ಟರಲ್ಲಿ ಅತ್ತಿಗೆಯ ಅಣ್ಣ ವ್ಯಾನು ತಂದ. ತಂಗಿಯನ್ನು ಸಾಮಾನು ಸಮೇತ ಕರೆದುಕೊಂಡು ಹೋಗಲು ಬಂದಿದ್ದ. ಗಂಡ ಸತ್ತವಳು ಗ್ರೀಸಿನಲ್ಲಿ ಬಿದ್ದುಕೊಂಡಿದ್ದಾಳೆಂದು ತನ್ನ ಗಿರಾಕಿಗಳೆಲ್ಲ ಆಡಿಕೊಳ್ಳುತ್ತಿದ್ದಾರಂತೆ. ನಾನು ತೋಳು ಮಡಿಸಿಕೊಂಡು ಮುಂದೆ ಹೋದೆ. ಅತ್ತಿಗೆ ಕೈ ಅಡ್ಡ ಹಿಡಿದರು.

‘ನಾಳೆ ಗಾಡಿ ಗಣಿ ದಿಬ್ಬ ಹತ್ತಿದ್ರೆ ನಾನು ಇಲ್ಲೇ ಇರ್ತೀನಿ ಅಣ್ಣ. ಹತ್ತದೇ ಹೋದ್ರೆ ನಿನ್ನ ವ್ಯಾನು ಹತ್ತುತೀನಿ. ಮತ್ತೆ ಈ ಮಾತೇ ಎತ್ತಲ್ಲ.’

ಅವನು ಒಪ್ಪಿದ.

ಸಂಜೆ ಎಂಜಿನ್ನನ್ನು ಸ್ಟ್ಯಾಂಡಿನ ಮೇಲಿಟ್ಟು ಕಿಕ್ಕರ್ ಒದ್ದಾಗ ಎರಡು ಸಲ ಕೆಮ್ಮಿ, ಆಮೇಲೆ ಚೆನ್ನಾಗಿಯೇ ಹಾಡಿತು. ಮೋಸವಾದದ್ದು ಅಲ್ಲಿಯೇ. ಮುಚ್ಚಳ ಹಾಕಿದ ಎಂಜಿನ್ ಯಾವ ಕಡೆಗೆ ತಿರುಗುತ್ತಿದೆ ಎಂಬುದು ಸದ್ದಿನಿಂದ ಯಾರಿಗೂ ತಿಳಿಯುವುದಿಲ್ಲ. ಪಂಪಿನ ಎಂಜಿನ್ ನಮ್ಮ ಗಾಡಿಯದಕ್ಕೆ ಉಲ್ಟಾ ತಿರುಗುವಂಥದ್ದು. ಅದರ ಮ್ಯಾಗ್ನೆಟ್ ಕಿಡಿ ಕೊಡುವುದೂ ಆ ದಿಕ್ಕಿಗೇ. ಟೂ ಸ್ಟ್ರೋಕಿಗೆ ಬಲ ಎಡ ಎಂಬ ಭೇದವಿಲ್ಲ, ಕಿಡಿ ಕರೆದ ಕಡೆಗೆ ಹೋಗುತ್ತದೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಮರುದಿನ ಕ್ಯಾನುಗಳನ್ನು ತುಂಬಿ ಕಟ್ಟಿ ಅತ್ತಿಗೆ ಗಾಡಿ ಏರಿದರು. ಎದುರಿಗೆ ದಿಬ್ಬ, ಹಿಂದೆ ವ್ಯಾನು, ವ್ಯಾನಿಗೆ ಒರಗಿ ಟೈಲರ್ ಭಾವ. ಒದ್ದರು, ಫಸ್ಟ್ ಗೇರ್ ಹಾಕಿದರು, ಕ್ಲಚ್ ಬಿಟ್ಟರು.

ಗಾಡಿ ಹಿಂದಕ್ಕೆ ನೆಗೆಯಿತು.

ಅಷ್ಟು ದಪ್ಪ ಮನುಷ್ಯ ಅಷ್ಟು ದೂರ ಹಾರುವುದನ್ನು ನಾನು ಕಂಡಿರಲಿಲ್ಲ. ಕ್ಯಾರಿಯರಿನ ಸರಳು ವ್ಯಾನಿನ ಹೆಡ್‌ಲೈಟಿಗೆ ಹೊಕ್ಕಿತು. ಗಾಜು ಜಲಜಲನೆ ಉದುರಿತು.  

ಭಾವ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡು ಮೆಲ್ಲಗೆ, ‘ಸಾಕು. ಬಟ್ಟೆ ಕಟ್ಕೋ’ ಎಂದ.

ಅತ್ತಿಗೆ ಇಳಿಯಲಿಲ್ಲ. ಎಂಜಿನ್ ಇನ್ನೂ ಓಡುತ್ತಿತ್ತು.  ಗೇರಿನ ಸರಳನ್ನೇ ನೋಡುತ್ತ ಕೂತವರು ಅದನ್ನು ಎಳೆದು ರಿವರ್ಸಿಗೆ ಹಾಕಿದರು. ಇವರಿಗೆ ತಲೆ ಕೆಟ್ಟಿತು, ಈಗ ವ್ಯಾನನ್ನೂ ಗೋಡೆಯನ್ನೂ ಒಡೆದು ಆಚೆ ಬೀಳುತ್ತಾರೆ ಎಂದು ನಾನು ಹ್ಯಾಂಡಲ್ ಹಿಡಿಯಲು ನುಗ್ಗಿದೆ.

ಗಾಡಿ ಮುಂದಕ್ಕೆ ಹೊರಟಿತು.

ಉಲ್ಟಾ ತಿರುಗುವ ಎಂಜಿನ್ನಿಗೆ ಉಲ್ಟಾ ಗೇರೇ ಸೀದಾ. ಅದೂ ಎಲ್ಲಕ್ಕಿಂತ ನಿಧಾನದ, ಬಲದ ಗೇರು. ತಲೆ ತಗ್ಗಿಸಿದ ಎತ್ತಿನ ಹಾಗೆ ಅದು ಗೇಟು ದಾಟಿತು, ಕ್ಯಾನು ಕುಲುಕಿಸುತ್ತ ದಿಬ್ಬ ಹತ್ತಿತು. ನಾನು ಚಪ್ಪಲಿ ಬಿಟ್ಟು ಹಿಂದೆ ಓಡಿದೆ. ತುದಿಯಲ್ಲಿ ಅತ್ತಿಗೆ ಎಂಜಿನ್ ಆರಿಸಿ, ಕ್ಯಾನಿನ ಮುಚ್ಚಳ ತೆಗೆದು ನೀರು ಕುಡಿದರು. ಅರ್ಧ ನೀರು ಕತ್ತಿನ ಮೇಲೆಯೇ ಹರಿಯಿತು.  ‘ಮ್ಯಾಗ್ನೆಟ್ ಪ್ಲೇಟು ತಿರುಗಿಸಿ ಕೂರಿಸ್ಬೇಕು ಕಣಪ್ಪ’ ಎಂದರು. ಅಷ್ಟೇ.

ಕೆಳಗಿಳಿದಾಗ ಭಾವ ವ್ಯಾನಿನಲ್ಲಿ ಕೂತಾಗಿತ್ತು. ‘ಹಿಂದಕ್ಕೆ ಹೋಗೋ ಗೇರಲ್ಲಿ ಹತ್ತಿದ್ದು ಲೆಕ್ಕಕ್ಕಿಲ್ಲ’ ಎಂದ.

‘ಹತ್ತಿದ್ದು ಮುಂದಕ್ಕೋ ಹಿಂದಕ್ಕೋ, ನೀವೇ ನೋಡಿದ್ರಲ್ಲ ಭಾವ’ ಅಂದೆ.

ಅವನು ವ್ಯಾನು ತಿರುಗಿಸಿಕೊಂಡು ಹೋದ. ಅತ್ತಿಗೆ ಉಳಿದರು. ಗಣಿಗೆ ನೀರು ಈಗಲೂ ಅವರೇ ಸಾಗಿಸುತ್ತಾರೆ, ಫಸ್ಟ್ ಗೇರಿನಲ್ಲೇ.

ಆ ವಾರವೇ ಅವರು ಅಂಗಡಿ ಅಂಗಡಿ ಅಲೆದು ವ್ಯಾನಿನದೇ ಕಂಪನಿಯ ಹೆಡ್‌ಲೈಟ್ ತಂದರು. ಸಿಕ್ಕಿದ್ದು ಯಾವುದೋ ಒಂದು ಹಾಕೋಣ ಅಂದದ್ದಕ್ಕೆ, ತಮ್ಮ ಅಣ್ಣನ ಗಾಡಿಗೆ ಬೇರೇದು ಬೇಡ ಎಂದು ನನ್ನನ್ನೇ ಗದರಿದರು. ಹೇಳಿ ಕಳಿಸಿದರೆ ಭಾವ ಬರಲಿಲ್ಲ. ನಾನೇ ಅವನ ಅಂಗಡಿಗೆ ತೆಗೆದುಕೊಂಡು ಹೋದೆ. ಹೊಲಿಗೆ ಯಂತ್ರದಿಂದ ತಲೆಯೆತ್ತದೆ, ‘ನನಗೆ ಒಂದು ಕಣ್ಣು ಸಾಕು, ವಾಪಸ್ ತಗೊಂಡು ಹೋಗು’ ಎಂದ. ಬಟ್ಟೆ ಕೊಳ್ಳಲು ಈ ಕಡೆ ಬಂದಾಗ ಆ ಒಕ್ಕಣ್ಣಿನ ವ್ಯಾನನ್ನು ಬೇಕೆಂದೇ ನಮ್ಮ ಬೀದಿಯಲ್ಲೇ ಓಡಿಸುತ್ತಾನೆ. ಆ ಸದ್ದಿಗೆ ಅತ್ತಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬರುತ್ತಾರೆ. ಅವನು ನಿಲ್ಲಿಸುವುದಿಲ್ಲ.