ದನಿ ಒಡೆಯಬಾರದು

ಹೆಡ್‌ಫೋನಿನ ಪಟ್ಟಿ ಕೂತು ಕೂತು ಅವರ ಬೆಳ್ಳಗಿನ ಕೂದಲಿನ ನಡುವೆ ಒಂದು ಕಾಲುದಾರಿಯೇ ಬಿದ್ದಿತ್ತು. ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ನನ್ನ ಮೇಲಿನ ಮನೆ. ಧಾರವಾಡದ ಕಡೆಯವರು, ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದವರು. ಮೈಸೂರಿನ ನನಗೂ ಅವರು ಕಾಕಾ, ಅವರ ಹೆಂಡತಿ ಕಾಕು.

ಕಾಕಾ ಹ್ಯಾಮ್ ರೇಡಿಯೊ ಹವ್ಯಾಸಿ; ಮನೆಯಲ್ಲೇ ಕೂತು ರೇಡಿಯೊದಲ್ಲಿ ದೂರದೂರದವರೊಡನೆ ಮಾತಾಡುವವರು. ದನಿಗೆ ಬಲ ಕೊಟ್ಟು ಕಳಿಸುವ ಆಂಪ್ಲಿಫೈಯರು ಅವರೇ ಕಟ್ಟಿದ್ದು. ಭಾನುವಾರ ಕಲಿಯಲು ಹೋಗುತ್ತಿದ್ದ ನಾನು ಒಮ್ಮೆ, "ಪವರ್ ಇನ್ನೂ ಏರಿಸಬಹುದಲ್ವಾ ಕಾಕಾ?" ಎಂದೆ.

"ಏರಿಸಿದ್ರ ಜೋರ ಕೇಳತೈತಿ, ಖರೆ. ಆದ್ರ ದನಿ ಒಡೀತೈತಿ, ಬಾಜೂ ಫ್ರೀಕ್ವೆನ್ಸಿನ್ಯಾಗ ಮಾತಾಡೋರಿಗೂ ತ್ರಾಸು. ಸಣ್ಣಗ ಅಂದದ್ದು ಸಣ್ಣಗ, ದೊಡ್ಡಗ ಅಂದದ್ದು ದೊಡ್ಡಗ ಹೋಗಬೇಕವಾ. ಅದಕ್ಕ ಲೀನಿಯರ್ ಅಂತಾರ."

ಚುಕ್ಕೆ-ಗೆರೆಗಳಲ್ಲಿ ಅಕ್ಷರ ಕಳಿಸುವ ಮೋರ್ಸ್ ಸಂಕೇತಕ್ಕೆ ಆ ಗೊಡವೆ ಇಲ್ಲ, ಟಕ್ ಟಕ್ ಎಂದು ಬಡಿದರಾಯಿತು; ಅದಕ್ಕೆ ಕ್ಲಾಸ್ ಸಿ ಎಂಬ ಸರಳ ಆಂಪ್ಲಿಫೈಯರೇ ಸಾಕು ಎನ್ನುತ್ತಿದ್ದರು. ನನಗೆ ಮೋರ್ಸನ್ನು ಚೆನ್ನಾಗಿಯೇ ಕಲಿಸಿದರು. ಆದರೆ ತಮಗದು ಒಗ್ಗುತ್ತಿರಲಿಲ್ಲ. "ಅದ್ರಾಗ ಮನಷ್ಯಾನ ದನಿ ಎಲ್ಲೈತಿ?"

ಅಂಥವರ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಪರೇಷನ್ನಿನ ಮಾರನೆಯ ದಿನ ನಾನು ಆಸ್ಪತ್ರೆಗೆ ಹೋದಾಗ ಕಾಕು ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರು. ಕಾಕಾ ನನ್ನನ್ನು ನೋಡಿ, ಚಮಚ ತೆಗೆದುಕೊಂಡು ಮಂಚದ ಸರಳಿಗೆ ಬಡಿಯತೊಡಗಿದರು. ಮೋರ್ಸ್. ಅಕ್ಷರ ಇಂಗ್ಲಿಷಿನವು, ಮಾತು ಕನ್ನಡದ್ದು.

"ಏನಂತಾರವಾ?" ಕಾಕು ಗಾಬರಿಯಾದರು.

"'ಉಂಡಿಯೇನು' ಅಂತ ನಿಮ್ಮನ್ನ ಕೇಳ್ತಿದ್ದಾರೆ ಕಾಕು."

ಆಗ ಕಾಕು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ನನಗೂ ಕಲಿಸು," ಎಂದರು.

ಕಲಿತರು. ಕಾಕಾ ತಮ್ಮ ಲೀನಿಯರ್ ಆಂಪ್ಲಿಫೈಯರನ್ನು ಗೆಳೆಯರೊಬ್ಬರಿಗೆ ಕೊಟ್ಟು, ಮೋರ್ಸಿಗೆಂದು ಸಣ್ಣದೊಂದನ್ನು ಕಟ್ಟಿಕೊಂಡರು. ಕಾಕು ಅಡುಗೆಕಟ್ಟೆಗೆ ಸೌಟಿನಿಂದ ಬಡಿದರೆ, ಅವರು ಮೇಜಿಗೆ ಬೆರಳಿನಿಂದ ಬಡಿಯುತ್ತಿದ್ದರು. ಏರಿಳಿತವೇ ಇಲ್ಲದ ಆ ಟಕ್ ಟಕ್ ಸದ್ದಿನಲ್ಲೂ ಕಾಕುಗೆ ಅವರ ಸಿಟ್ಟು, ಸಲಿಗೆ ಎಲ್ಲವೂ ತಿಳಿಯುತ್ತಿತ್ತು. "ಇವತ್ತ ಭಾಳ ಹಟಾ ಮಾಡಾಕತ್ತಾರ ನೋಡು," ಎಂದು ನನಗೆ ದೂರು ಹೇಳುತ್ತಿದ್ದರು.

ರೋಗ ಮರಳಿ ಬಂತು. ಕೊನೆಯ ಮಧ್ಯಾಹ್ನ ಕಾಕಾ ಕಣ್ಣು ತೆರೆಯಲಿಲ್ಲ. ಕಾಕು ಅವರ ಅಂಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ತೋರುಬೆರಳಿನಿಂದ ನಿಧಾನವಾಗಿ ಏನೋ ಬಡಿಯುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ನೋಡಿದ್ದರೆ ಒಂದೊಂದು ಅಕ್ಷರವೂ ತಿಳಿಯುತ್ತಿತ್ತು. ಹಾಗೆ ಕಲಿಸಿದ್ದರು ಕಾಕಾ.

ನಾನು ಕಿಟಕಿಯ ಕಡೆಗೆ ತಿರುಗಿಕೊಂಡೆ.