ಐದನೇ ಅಂತಸ್ತಿನ ಬಿಳಿ ಕಲ್ಲು

ಸತ್ತವರಲ್ಲೂ ಮೇಲಂತಸ್ತು ಕೆಳಗಿನಂತಸ್ತು ಇದೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಸಾನ್ ತೆಲ್ಮೊ ಸ್ಮಶಾನದ ಬಾಗಿಲಲ್ಲಿ ಹೂವು ಮಾರುತ್ತಲೇ ಮುದುಕಿಯಾದವಳು ನಾನು, ಎಂಗ್ರಾಸಿಯಾ, ನನಗೆ ಗೊತ್ತು. ನಮ್ಮೂರಿನ ದೊಡ್ಡ ಮನುಷ್ಯರು ಮುಂದಿನ ಅಂಗಳದಲ್ಲಿ, ಸೈಪ್ರೆಸ್ ಮರಗಳ ನೆರಳಿನಲ್ಲಿ, ನೆಲದ ಮೇಲೆ ಕೈಕಾಲು ಚಾಚಿ ಮಲಗಿದ್ದಾರೆ. ಉಳಿದವರಿಗೆ ಹಿಂದಿನ ಗೋಡೆಗಳಲ್ಲಿ ಗೂಡು. ಒಬ್ಬರ ಮೇಲೊಬ್ಬರ ಪೆಟ್ಟಿಗೆ ತಳ್ಳಿ, ಗೂಡಿನ ಬಾಯಿಗೆ ಹೆಸರಿನ ಕಲ್ಲು ಮುಚ್ಚುತ್ತಾರೆ. ಎದೆಮಟ್ಟದ ಗೂಡಿಗೆ ಬೇಡಿಕೆ ಹೆಚ್ಚು. ನಿಂತಲ್ಲೇ ಹೂವಿಡಬಹುದು, ಕಲ್ಲಿಗೊಂದು ಮುತ್ತು ಕೊಡಬಹುದು. ಐದನೆಯದು ಬಡವರ ಅಂತಸ್ತು. ಅಲ್ಲಿಗೆ ಏಣಿ ಬೇಕು.

ಕಾಸಿಲ್ದಾಳ ಗಂಡ ಸಾತುರ್ನೀನೊ ಇರುವುದು ಐದನೆಯದರಲ್ಲಿ. ಬದುಕಿದ್ದಾಗ ಮೀನು ಸಂತೆಯಲ್ಲಿ ಮಂಜುಗಡ್ಡೆ ಹೊರುತ್ತಿದ್ದ ಮನುಷ್ಯ. ಹೆಂಡತಿಯ ಹೆಗಲ ಮೇಲೆ ಎಂದೂ ಭಾರ ಹಾಕದವನು ಸತ್ತ ಮೇಲೆ ಅವಳನ್ನು ಏಣಿ ಹತ್ತಿಸಿದ.

ಕಾಸಿಲ್ದಾ ಪುರಸಭೆಯ ಕೂಲಿಯವಳು. ಗಣ್ಯರ ಅಂಗಳದ ಗೋರಿಗಳನ್ನು ತೊಳೆಯುವುದು ಅವಳ ಕೆಲಸ. ಮ್ಯಾಡ್ರಿಡ್‌ನವರೆಗೂ ಹೆಸರು ಮಾಡಿದ ಹಾಡುಗಾರ ದೋನ್ ಎವಾರಿಸ್ತೊ, ಹರೆಯದಲ್ಲೇ ಗೂಳಿಯ ಕೊಂಬಿಗೆ ಸಿಕ್ಕಿ ಸತ್ತ ಕಾಳಗದ ಹುಡುಗ, ಕವಯಿತ್ರಿ ದೋನ್ಯಾ ಲೆಯೊಕಾದಿಯಾ, ಯಾವ ಯುದ್ಧ ಗೆದ್ದನೋ ಯಾರಿಗೂ ನೆನಪಿಲ್ಲದ ಒಬ್ಬ ಜನರಲ್. ಇವರೆಲ್ಲರ ಕಲ್ಲುಪ್ರತಿಮೆಗಳ ಮೂಗು, ಕಿವಿ, ಮೀಸೆ, ರೆಕ್ಕೆ ಬಿಚ್ಚಿದ ದೇವದೂತರ ಕಂಕುಳು, ಎಲ್ಲವೂ ಅವಳ ಕೈಯಲ್ಲೇ ಬೆಳ್ಳಗಾಗಬೇಕು. ಮಕ್ಕಳು ಮೊಮ್ಮಕ್ಕಳು ಮರೆತು ಎಷ್ಟೋ ಕಾಲವಾದ ಆ ಮಹಾನುಭಾವರನ್ನು ಮುಟ್ಟಿ ಮಾತಾಡಿಸುತ್ತಿದ್ದವಳು ಇವಳೊಬ್ಬಳೇ.

"ಏನ್ ದೋನ್ ಎವಾರಿಸ್ತೊ, ಪಾರಿವಾಳಗಳಿಗೆ ಹಾಡು ಹೇಳಿದ್ರಾ? ಸರಿಯಾಗೇ ಬಹುಮಾನ ಕೊಟ್ಟು ಹೋಗಿವೆ, ನೆತ್ತಿ ಮೇಲೆ."

"ಜನರಲ್ ಸಾಹೇಬ್ರೇ, ಹೊಟ್ಟೆ ಸ್ವಲ್ಪ ಒಳಗೆ ಎಳ್ಕೊಳ್ಳಿ. ಬೆಲ್ಟು ಉಜ್ಬೇಕು."

ನಾನು ಹೂಬುಟ್ಟಿಯ ಹಿಂದೆ ಕೂತು ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಕೆಲಸ ಮುಗಿಸಿ ಬಂದು ನನ್ನ ಪಕ್ಕದಲ್ಲಿ ಬಕೆಟ್ ಮಗುಚಿ ಹಾಕಿ ಕೂರುವಳು. ಬ್ಲೀಚ್ ನೀರಿಗೆ ಸುಲಿದ ಕೈಗಳನ್ನು ಮಡಿಲಲ್ಲಿ ಯಾರದೋ ಸಾಮಾನಿನಂತೆ ಇಟ್ಟುಕೊಂಡು, "ಸಾಕಾಗಿದೆ ಕಣೇ," ಅನ್ನುವಳು. ಬೆಳಿಗ್ಗೆ ಬಂದಾಗಲೂ ಅದೇ ಮಾತು, ಸಂಜೆ ಹೋಗುವಾಗಲೂ ಅದೇ. ಊರಿನವರು ದೇವರು ಒಳ್ಳೇದು ಮಾಡಲಿ ಅನ್ನುವ ಜಾಗದಲ್ಲಿ ಅವಳು ಸಾಕಾಗಿದೆ ಅನ್ನುತ್ತಿದ್ದಳು. ನನಗೂ ಅದು ಕೇಳಿ ಕೇಳಿ ರೂಢಿಯಾಗಿತ್ತು.

ಆ ವರ್ಷ ಸಕಲ ಸಂತರ ಹಬ್ಬಕ್ಕೆ ಇನ್ನೇನು ವಾರವಿದೆ ಅನ್ನುವಾಗ ಅವಳ ಬಲಮೊಣಕಾಲು ಕುಂಬಳಕಾಯಿಯಂತೆ ಊದಿಕೊಂಡಿತು. ಹಬ್ಬದ ಹಿಂದಿನ ದಿನ ಇಡೀ ಊರೇ ಬಕೆಟ್ಟು, ಬ್ರಷ್ಷು, ಸೇವಂತಿಗೆ ಹಿಡಿದು ತಮ್ಮತಮ್ಮ ಸತ್ತವರನ್ನು ತೊಳೆಯಲು ಬರುತ್ತದೆ. ಯಾರ ಕಲ್ಲು ಹೊಳೆಯುತ್ತದೆ, ಯಾರದು ಮಂಕಾಗಿದೆ ಎಂದು ವರ್ಷವಿಡೀ ಆಡಿಕೊಳ್ಳುವಷ್ಟು ಸರಕು ಆ ಒಂದು ದಿನದಲ್ಲಿ ಸಿಗುತ್ತದೆ.

"ಎಂಗ್ರಾಸಿಯಾ, ಈ ಸಲ ಏಣಿ ಹತ್ತೋಕೆ ನನ್ನಿಂದಾಗಲ್ಲ," ಎಂದಳು.

"ಆಗದಿದ್ರೆ ಬಿಡು. ಸ್ಮಶಾನದ ಆಳುಗಳಿಗೆ ಹೇಳು, ಹತ್ತಿ ಒರೆಸ್ತಾರೆ. ಅಮೃತಶಿಲೆ ತಾನೆ? ಒಂದು ಬಟ್ಟೆ ಆಡಿಸಿದ್ರೆ ಮುಗೀತು."

"ಅಮೃತಶಿಲೆ ಇದ್ರೆ ತಾನೆ."

ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು. "ಏನಂದೆ?"

"ಕಲ್ಲಿಲ್ಲ ಕಣೇ ಅಲ್ಲಿ. ಹೂಳೋ ದಿನ ಮೇಸ್ತ್ರಿ ಬಳಿದ ಗಾರೆ, ಅಷ್ಟೇ. ವರ್ಷಕ್ಕೊಂದ್ಸಲ, ಹಬ್ಬದ ಹಿಂದಿನ ದಿನ, ಸ್ಮಶಾನದ ಬಾಗಿಲು ತೆಗೆಯೋ ಹೊತ್ತಿಗೇ ಯಾರೂ ಬರೋ ಮುಂಚೆ ಬಂದು ಹತ್ತಿ ಸುಣ್ಣ ಹೊಡೀತೀನಿ. ಮೊಳೆ ತಗೊಂಡು ಹೆಸರು ಕೆರೀತೀನಿ."

ನನಗೆ ನಖಶಿಖಾಂತ ಉರಿಯಿತು. ಕಂಡವರ ಗೋರಿಗೆಲ್ಲ ಕನ್ನಡಿಯಂಥ ಹೊಳಪು ಕೊಡುವವಳ ಸ್ವಂತ ಗಂಡನಿಗೆ ಸುಣ್ಣವೇ? ದೀಪದ ಬುಡ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ! ಅಲ್ಲದೆ ಸಾತುರ್ನೀನೊನದು ಕಲ್ಲುಗಣಿಗೆ ಹೆಸರಾದ ಮಕಾಯೆಲ್‌ನಿಂದ ತರಿಸಿದ ಬಿಳಿ ಅಮೃತಶಿಲೆ ಎಂದು ಊರಿಗೆ ಊರೇ ನಂಬಿತ್ತು, ನಾನೂ ನಂಬಿದ್ದೆ. ಹಾಗೆ ಸಾರಿದವಳು ಅವಳ ನಾದಿನಿ ಬ್ರಿಗಿದಾ. ಮಾರುಕಟ್ಟೆಯಲ್ಲಿ ಬೆಳ್ಳುಳ್ಳಿ ಕೊಳ್ಳುವಾಗಲೂ, "ನಮ್ಮಣ್ಣನ ಕಲ್ಲು ಮಕಾಯೆಲ್‌ದು," ಎಂದು ಒಮ್ಮೆ ಹೇಳದಿದ್ದರೆ ಅವಳಿಗೆ ಬೆಳ್ಳುಳ್ಳಿ ಜೀರ್ಣವಾಗುತ್ತಿರಲಿಲ್ಲ.

"ಸುಳ್ಳು ಹೇಳಿದ್ಯಾ ನೀನು?"

"ನಾನು ಬಾಯೇ ಬಿಡ್ಲಿಲ್ಲ," ಎಂದಳು ಕಾಸಿಲ್ದಾ. "ಅವರು ಹೋದ್ಮೇಲೆ ಬಂದ ಮೊದಲನೇ ಹಬ್ಬ. ಮನೇಲಿ ಒಲೆ ಹಚ್ಚೋಕೂ ಗತಿ ಇರ್ಲಿಲ್ಲ. ಗಾರೆಯಾದ್ರೂ ಚೆನ್ನಾಗಿ ಕಾಣ್ಲಿ ಅಂತ ಸುಣ್ಣ ಹೊಡೆದಿದ್ದೆ. ಬ್ರಿಗಿದಾ ಬಂದ್ಳು, ಹಿಂದೆ ಅಕ್ಕಪಕ್ಕದವ್ರೂ ಇದ್ರು. ಕತ್ತೆತ್ತಿ ನೋಡಿ, 'ಅಬ್ಬಾ, ಮಕಾಯೆಲ್ ಕಲ್ಲು ಬಂತಾ ಅತ್ತಿಗೆ? ಎಷ್ಟು ಬೆಳ್ಳಗಿದೆ!' ಅಂದ್ಬಿಟ್ಳು. ಅಷ್ಟು ಜನರ ಮುಂದೆ ಅಲ್ಲ ಅನ್ನೋಕೆ ನಾಲಿಗೆ ಏಳ್ಲಿಲ್ಲ."

ಆ ಗೋಡೆಯ ಮುಂದಿನ ಓಣಿ ಬಲು ಇಕ್ಕಟ್ಟು. ಹಿಂದೆ ಸರಿದು ನೋಡಲು ಜಾಗವಿಲ್ಲ. ಎಷ್ಟು ಕತ್ತೆತ್ತಿದರೂ ಬಿಳುಪು ಕಾಣುತ್ತದೆಯೇ ಹೊರತು ಅಕ್ಷರ ಕಾಣುವುದಿಲ್ಲ.

"ಆಮೇಲಾದ್ರೂ ಒಂದು ಕಲ್ಲು ಮಾಡಿಸ್ಬಾರ್ದಿತ್ತಾ?"

"ಯಾರ ಹತ್ರ? ಊರಲ್ಲಿರೋ ಒಬ್ಬನೇ ಕಲ್ಲುಕುಟಿಗನ ಹೆಂಡ್ತಿ ದಿನಾ ಬ್ರಿಗಿದಾ ಮನೇಲಿ ಕಾಫಿ ಕುಡೀತಾಳೆ. ಇರೋ ಕಲ್ಲಿಗೆ ಮತ್ತೊಂದು ಕಲ್ಲು ಯಾಕೆ ಅಂದ್ರೆ ಏನು ಹೇಳ್ಲಿ? ಈಗ ಸುಣ್ಣ ಎದ್ದಿದೆ ಎಂಗ್ರಾಸಿಯಾ. ಬಳೀದೇ ಬಿಟ್ರೆ ಗಾರೆ ಕಾಣುತ್ತೆ. ಆಳು ಹತ್ತಿದ್ರೆ ಅವನು ನೋಡ್ತಾನೆ. ಬ್ರಿಗಿದಾ ಯಾವ ಮುಖ ಹೊತ್ಕೊಂಡು ಓಡಾಡ್ಬೇಕು? ಅವಳಿಗೆ ಬೇರೆ ಏನಿದೆ ಹೇಳು, ಆ ಕಲ್ಲು ಬಿಟ್ರೆ?"

ಇಷ್ಟು ಹೇಳಿ ಅವಳು ಕಣ್ಣು ಮುಚ್ಚಿ ಗೋಡೆಗೊರಗಿದಳು. ಸಾಕಾಗಿದೆ ಎಂದು ಕೂಡ ಅನ್ನಲಿಲ್ಲ.

ಹಬ್ಬದ ಹಿಂದಿನ ದಿನ ಬಾಗಿಲು ತೆಗೆಯುವ ಮೊದಲೇ ಜನ ಮುತ್ತಿಕೊಂಡಿತ್ತು. ಮುಂದಿನ ಅಂಗಳಕ್ಕೆ ಪುರಸಭೆಯ ಬ್ಯಾಂಡು ಬಂತು, ಹೂಚಕ್ರಗಳು ಬಂದವು. ಮೇಯರು ದೋನ್ ಎವಾರಿಸ್ತೊನ ಹೊಳೆಯುವ ನೆತ್ತಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ನೆತ್ತಿ ಹೊಳೆಸಿದವಳು ಆಗ ಹಿಂದಿನ ಓಣಿಯಲ್ಲಿ ಏಣಿಯ ಮೂರನೇ ಮೆಟ್ಟಿಲ ಮೇಲೆ, ತೋಳಿಗೆ ಬಕೆಟ್ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ಮೇಲಕ್ಕೂ ಹೋಗಲಾರಳು, ಇಳಿಯಲಾರಳು. ನಾನು ಹೂವಿನಂಗಡಿಯನ್ನು ಪಕ್ಕದವಳಿಗೊಪ್ಪಿಸಿ ಓಡಿದೆ. ಬ್ರಿಗಿದಾ ಆಗಲೇ ಅಲ್ಲಿದ್ದಳು. ಕಪ್ಪು ಶಾಲು, ಕಂಕುಳಲ್ಲಿ ಸೇವಂತಿಗೆ.

"ಇಳಿ ಅತ್ತಿಗೆ, ಬಿದ್ದು ಸೊಂಟ ಮುರ್ಕೋತೀಯಾ! ನನ್ನ ಅಳಿಯನ್ನ ಕರೀತೀನಿ, ಎರಡು ನಿಮಿಷದ ಕೆಲಸ."

"ಬೇಡ. ಅವನು ಮುಟ್ಟೋದು ಬೇಡ."

"ಯಾಕೆ, ಚಿನ್ನ ಬಚ್ಚಿಟ್ಟಿದ್ಯಾ ಮೇಲೆ?"

ಏಣಿಗಾಗಿ ಕಾಯುತ್ತಿದ್ದವರು ನಕ್ಕರು. ಕಾಸಿಲ್ದಾಳ ಕಾಲು ಗಡಗಡ ನಡುಗುತ್ತಿತ್ತು. ನನಗೆ ಏಣಿ ಅಂದರೆ ಯಮ. ಮನೆಯಲ್ಲಿ ದೀಪದ ಬುರುಡೆ ಬದಲಿಸಲೂ ಯಾರನ್ನಾದರೂ ಕರೆಯುವವಳು. ಆದರೂ ಅವತ್ತು ಬಾಯಿ ನನಗಿಂತ ಮುಂಚೆ ಹೊರಟಿತು.

"ಸರೀರಿ ಎಲ್ಲ! ನಾನು ಹತ್ತೀನಿ. ಸಾತುರ್ನೀನೊಗೆ ಇಷ್ಟು ವರ್ಷದಿಂದ ಹೂವು ಕೊಟ್ಟೋಳು ನಾನು, ಸ್ವಲ್ಪ ಮುಖ ನೋಡಿ ಬರ್ತೀನಿ."

"ನೀನಾ? ಏಣಿ ಪಾಡು ದೇವರಿಗೇ ಪ್ರೀತಿ," ಎಂದಳು ಬ್ರಿಗಿದಾ.

ಕಾಸಿಲ್ದಾಳನ್ನು ಸೊಂಟ ಹಿಡಿದು ಇಳಿಸಿದೆ. ಅವಳು ನನ್ನ ಮುಖವನ್ನೇ ನೋಡಿ ಬಕೆಟ್ಟನ್ನು ನನ್ನ ಕೈಗೆ ಕೊಟ್ಟಳು. ಒದ್ದೆ ಬಟ್ಟೆಯ ಕೆಳಗೆ ಸುಣ್ಣದ ಡಬ್ಬಿ, ಕುಂಚ, ಮೊಳೆ ಇದ್ದವು. ಹತ್ತಿದೆ. ಹೇಗೆ ಹತ್ತಿದೆನೋ ಆ ಮಾತೆ ಮರಿಯಳಿಗೇ ಗೊತ್ತು. ಕೆಳಗೆ ನೋಡಿದರೆ ಸತ್ತೆ ಎಂದು ಗೋಡೆಯ ಹೆಸರುಗಳನ್ನೇ ಒಂದೊಂದಾಗಿ ಓದುತ್ತ ಮೇಲೇರಿದೆ. ಐದನೇ ಅಂತಸ್ತಿಗೆ ಬಂದಾಗ ಅಲ್ಲಿ ಸುಣ್ಣ ಎದ್ದ ಗಾರೆ, ಅದರ ಮೇಲೆ ಮೊಳೆಯಲ್ಲಿ ಕೆರೆದ ಸೊಟ್ಟ ಅಕ್ಷರ. ಅವಳಿಗೆ ಓದು ಬರಹ ಅಷ್ಟಕ್ಕಷ್ಟೇ. ಪ್ರತಿವರ್ಷ ಅದೇ ಗೆರೆಗಳನ್ನು ಮತ್ತೆ ಮತ್ತೆ ಕೆರೆದು ಅಕ್ಷರಗಳು ಬೆರಳು ಇಳಿಯುವಷ್ಟು ಆಳವಾಗಿದ್ದವು. ಕೆಳಗಿನವರಿಗೆ ಕಾಣದಂತೆ ಮೈ ಅಡ್ಡವಿಟ್ಟು, ಅಕ್ಷರ ತುಂಬದಂತೆ ನಿಧಾನವಾಗಿ ಸುಣ್ಣ ಬಳಿದೆ.

ಕೆಳಗಿನಿಂದ ಬ್ರಿಗಿದಾಳ ದನಿ ಬಂತು: "ಎಂಗ್ರಾಸಿಯಾ! ಏನು ಕೆತ್ತಿದೆ ಅಂತ ಜೋರಾಗಿ ಓದು! ನನ್ನ ಹೆಸರೂ ಇದೆ ಅಂತಾಳೆ ಅತ್ತಿಗೆ. ನನ್ನ ಕಣ್ಣಲ್ಲಂತೂ ನೋಡೋ ಭಾಗ್ಯ ಬರ್ಲಿಲ್ಲ."

ಕಾಸಿಲ್ದಾ ಏಣಿಯ ಬುಡ ಹಿಡಿದು ನೆಲ ನೋಡುತ್ತ ನಿಂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಓದಿದೆ:

"ಸಾತುರ್ನೀನೊ. ಕಾಸಿಲ್ದಾಳ ಗಂಡ. ಬ್ರಿಗಿದಾಳ ಅಣ್ಣ."

"ಕಲ್ಲು ಹೇಗಿದೆ?" ಎಂದು ಯಾರೋ ಕೂಗಿದರು.

"ಹೇಗಿದೆ ಅಂತೆ! ನನ್ನ ಮುಖದ ಸುಕ್ಕೆಲ್ಲ ಕಾಣ್ತಿದೆ, ಹಾಳಾದ್ದು. ದೋನ್ ಎವಾರಿಸ್ತೊಗೂ ಇಂಥ ಕಲ್ಲಿಲ್ಲ!"

ಬಕೆಟ್ ಹಿಡಿದು ಇಳಿದೆ. ಕಾಸಿಲ್ದಾ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಚುಕಿ, ಬಕೆಟ್ ತೊಳೆಯಲು ಕುಂಟುತ್ತ ನಲ್ಲಿಯ ಕಡೆ ಹೋದಳು. ಏಣಿಯನ್ನು ಮುಂದಿನವರು ಎಳೆದುಕೊಂಡು ಹೋದರು. ಓಣಿಯಲ್ಲಿ ಬ್ರಿಗಿದಾ ಮತ್ತು ನಾನು ಇಬ್ಬರೇ ಉಳಿದೆವು.

ಬ್ರಿಗಿದಾ ಹತ್ತಿರ ಬಂದು ನನ್ನ ಕಪ್ಪು ಅಂಗಿಯ ತೋಳಿನ ಮೇಲೆ ಅಂಟಿದ್ದ ಸುಣ್ಣವನ್ನು ತನ್ನ ಶಾಲಿನಿಂದ ಕೊಡವತೊಡಗಿದಳು.

"ಅಮೃತಶಿಲೆ ಮೈಗೆ ಹತ್ತಲ್ಲ ಎಂಗ್ರಾಸಿಯಾ," ಎಂದಳು ಮೆಲ್ಲಗೆ. "ಮುಂದಿನ ಸಲ ಹಳೇ ಬಟ್ಟೆ ಹಾಕ್ಕೊಂಡು ಹತ್ತು."

"ನಿನಗೆ ಗೊತ್ತಿತ್ತಾ? ಯಾವಾಗಿಂದ?"

"ಮೊದಲನೇ ದಿನದಿಂದ. ಅಣ್ಣನ ಮನೇಲಿ ಏನಿತ್ತು ಏನಿರ್ಲಿಲ್ಲ ಅಂತ ನನಗೆ ಗೊತ್ತಿರಲ್ವಾ? ಅವತ್ತು ಹಿಂದೆ ನಿಂತಿದ್ದ ಹೆಂಗಸರು ಗುಸುಗುಸು ಶುರು ಮಾಡಿದ್ರು, ಊರ ಗೋರಿ ತೊಳೆಯೋಳ ಗಂಡನಿಗೆ ಒಂದು ಕಲ್ಲಿಲ್ಲ ಅಂತ. ಅತ್ತಿಗೆ ಮುಖ ಸಣ್ಣಗಾಗ್ಬಾರ್ದು ಅಂತ ನಾನೇ ಹಾಗೆ ಕೂಗಿದೆ. ಒಂದು ದಿನದ ಮಾತು ಅಂದ್ಕೊಂಡಿದ್ದೆ. ಅವಳು ಅದನ್ನ ಹೊತ್ಕೊಂಡು ವರ್ಷಾವರ್ಷ ಏಣಿ ಹತ್ತುತ್ತಾಳೆ ಅಂತ ಕನಸು ಬಿದ್ದಿತ್ತಾ?"

"ಹಾಳು ಮುದುಕಿ! ಹೇಳಿ ಸಾಯ್ಬಾರ್ದಿತ್ತಾ? ಆ ಕಾಲು ನೋಡಿದ್ಯಾ?"

"ಹೇಗೆ ಹೇಳ್ಲಿ? ಮೊದಲು ಹೇಳಿದ್ರೆ ಅವಳಿಗೆ ನಾಚಿಕೆ. ಈಗ ಹೇಳಿದ್ರೆ ಅಷ್ಟು ವರ್ಷ ಹತ್ತಿದ್ದೆಲ್ಲ ದಂಡ." ಅವಳು ಕೊಡವುವುದನ್ನು ನಿಲ್ಲಿಸಿ ನನ್ನ ತೋಳನ್ನು ಹಿಡಿದುಕೊಂಡಳು. "ಕಲ್ಲಿನ ಮಾತು ಬಿಡು. ನೀನು ಓದಿದ್ಯಲ್ಲ, ಆ ಕೊನೇದು. ಅದು ನನ್ನ ಸಮಾಧಾನಕ್ಕೆ ಹೇಳಿದ್ದು ತಾನೆ?"

"ಇಲ್ಲ. ಬರೆದಿದೆ."

"ನಿಜವಾಗ್ಲೂ?"

"ನಮ್ಮಮ್ಮನ ಆಣೆ. ಬ್ರಿಗಿದಾಳ ಅಣ್ಣ. ಮೊಳೆಯಲ್ಲಿ, ಬೆರಳು ಇಳಿಯೋ ಅಷ್ಟು ಆಳ."

ಮಾರುಕಟ್ಟೆಯಲ್ಲಿ ಯಾರಿಗೂ ಮಾತಿನಲ್ಲಿ ಸೋಲದ ಹೆಂಗಸು ಸೇವಂತಿಗೆಯನ್ನು ಎದೆಗೊತ್ತಿಕೊಂಡು ಗೋಡೆಯ ಬುಡದಲ್ಲೇ ಕುಸಿದು ಕೂತಳು. ಅಷ್ಟರಲ್ಲಿ ಕಾಸಿಲ್ದಾ ತೊಳೆದ ಬಕೆಟ್ ಹಿಡಿದು ಕುಂಟುತ್ತ ಬಂದು, ಬಕೆಟ್ಟನ್ನು ಮಗುಚಿ ನಾದಿನಿಯ ಪಕ್ಕದಲ್ಲಿ ಕೂತಳು.

"ಸಾಕಾಗಿದೆ," ಎಂದಳು.

"ನನಗೂ ಅತ್ತಿಗೆ," ಎಂದು ಬ್ರಿಗಿದಾ ಅವಳ ಊದಿದ ಮೊಣಕಾಲನ್ನು ತನ್ನ ಮಡಿಲಿಗೆ ಎತ್ತಿಟ್ಟುಕೊಂಡು ನೀವತೊಡಗಿದಳು.